ಹಗೇವಿನ ತಳದ ಪದ

"ಗುರುಗಳೇ, ಒಳಗಿನ ನಿಧಿಯ ಹತ್ತಿರ ಬಂದವನಿಗೆ ಇನ್ನೊಬ್ಬರ ಕಾವಲು ಏಕೆ ಬೇಕು? ದಾರಿ ತಪ್ಪಿದರೆ ಅವನಿಗೇ ತಿಳಿಯುವುದಿಲ್ಲವೇ?"

ಹೀಗೆ ಕೇಳಿದ ಶಿಷ್ಯ ಹೆಗಲಿಗೆ ಜೋಳಿಗೆ ಹಾಕಿಕೊಂಡೇ ಬಂದಿದ್ದ. ಮಠ ಬಿಟ್ಟು ಬೆಟ್ಟದ ಗವಿಯಲ್ಲಿ ಒಬ್ಬನೇ ಕುಳಿತು ಸಾಧನೆ ಮಾಡಬೇಕೆಂದು ಅವನು ನಿಶ್ಚಯಿಸಿದ್ದ. ಗುರುಗಳು ಜಗಲಿಯ ಮೇಲೆ ಕುಳಿತು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು.

"ಗವಿ ಎಲ್ಲಿಗೂ ಓಡಿಹೋಗುವುದಿಲ್ಲಪ್ಪ, ಕುಳಿತುಕೋ," ಎಂದರು. "ನಿಧಿಯ ಮಾತು ತೆಗೆದೆಯಲ್ಲ, ನಿಧಿಯದೇ ಒಂದು ಕತೆ ಇದೆ, ಕೇಳಿ ಹೋಗು."

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಅವನು ಕೊಂಡ ಹಳೆಯ ವಾಡೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ಹಗೇವು ಎಂದರೆ ನೆಲದೊಳಗೆ ತೋಡಿ ಜೋಳ ತುಂಬಿಡುವ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ನಮ್ಮ ಮಠದ ಅಡುಗೆಯವನ ಹಾಗೆ. ಅದರ ತಳದಲ್ಲಿ ಹಿಂದಿನವರು ಬಂಗಾರದ ಕೊಡ ಹೂತಿದ್ದಾರೆ ಎಂದು ಊರೆಲ್ಲ ಹೇಳುತ್ತಿತ್ತು.

ಸಾಹುಕಾರ ಹಗೇವಿನ ಬಾಯಿ ತೆಗೆಸಿ ದೀಪ ಇಳಿಬಿಡಿಸಿದ. ಅರ್ಧಕ್ಕೆ ಹೋಗುವಷ್ಟರಲ್ಲಿ ದೀಪ ಆರಿತು. ಅವನು ಹಿಗ್ಗಿ ಹೀರೇಕಾಯಿಯಾದ. ನಿಧಿ ಕಾಯುವ ಸರ್ಪ ಊದಿ ಆರಿಸಿತು, ಅಂದರೆ ನಿಧಿ ಇದೆ ಎಂಬುದು ಅವನ ಎಣಿಕೆ. ಕೂಲಿಯವರೂ ಹಾಗೆಯೇ ಎಣಿಸಿದರು. ಎಣಿಸಿ, ಗುದ್ದಲಿ ಬಿಟ್ಟು ಓಡಿದರು.

ಕೊನೆಗೆ ಬಾವಿ ತೋಡುವ ಒಬ್ಬನೂ ಅವನ ಹೆಂಡತಿಯೂ ಬಂದರು. ಊರವರ ನೆಲ ಅಗೆದು ಬದುಕಿದವರು, ತಮ್ಮದೆಂದು ಅಂಗೈಯಗಲ ನೆಲವಿಲ್ಲದವರು. ಸಿಕ್ಕಿದ್ದರಲ್ಲಿ ಪಾಲು ಕೊಡುತ್ತೇನೆಂದು ಸಾಹುಕಾರ ಮಾತು ಕೊಟ್ಟ. ಇವರು ದೀಪ ಇಳಿಬಿಟ್ಟಾಗಲೂ ಅದು ಆರಿತು. ಇದು ಸರ್ಪವಲ್ಲ, ಉಸಿರುಗಟ್ಟಿಸುವ ಕೆಟ್ಟ ಗಾಳಿ ಎಂದು ಇವರಿಗೆ ಗೊತ್ತು. ಬೇವಿನ ಟೊಂಗೆಗಳ ಹೊರೆ ಕಟ್ಟಿ, ಹಗ್ಗದಿಂದ ಇಳಿಸಿ ಎತ್ತಿ, ಇಳಿಸಿ ಎತ್ತಿ, ಮಜ್ಜಿಗೆ ಕಡೆದ ಹಾಗೆ ಒಳಗಿನ ಗಾಳಿಯನ್ನು ಕಡೆದರು. ಮರುದಿನ ದೀಪ ತಳ ಮುಟ್ಟಿಯೂ ಉರಿಯಿತು.

ಅವರ ಕಸುಬಿನಲ್ಲಿ ಒಂದು ಕಟ್ಟಳೆ ಇತ್ತು. ಕೆಳಗೆ ಇಳಿದವನು ಪದ ಹಾಡುತ್ತಲೇ ಇರಬೇಕು. ಒಂದು ಸಾಲು ಅವನದು, ಮರುಸಾಲು ಮೇಲೆ ಹಗ್ಗ ಕಾಯುವವಳದು. ಪದ ತಪ್ಪಿತೋ, ಅವಳು ಏನೂ ಕೇಳದೆ ಎಳೆಯಬೇಕು. ಸಾಹುಕಾರನ ಕಟ್ಟಳೆ ಇದಕ್ಕೆ ತೀರಾ ವಿರುದ್ಧ. ನಿಧಿ ತೆಗೆಯುವಾಗ ಯಾರ ಬಾಯಿಂದಲೂ ಮಾತು ಬೀಳಬಾರದು, ಬಿದ್ದರೆ ಬಂಗಾರ ಇದ್ದಲಾಗುತ್ತದೆ.

"ಪದಾ ಬ್ಯಾಡೋ ಮಾರಾಯಾ," ಎಂದು ಸಾಹುಕಾರ ಗೋಗರೆದ. "ಬಂಗಾರೆಲ್ಲಾ ಇದ್ದಲಿ ಆಗತೈತಿ."

"ಬಂಗಾರ ಇದ್ದಲಿ ಆದ್ರ ಒಲಿಗಾದ್ರೂ ಬರತೈತ್ರಿ ಸಾವ್ಕಾರ್ರ. ನಾ ಹೆಣಾ ಆದ್ರ ಯಾತಕ್ಕ ಬರತೀನಿ?"

ಬೇರೆ ಯಾರೂ ಇಳಿಯುವವರಿಲ್ಲ; ಸಾಹುಕಾರ ಬಾಯಿ ಮುಚ್ಚಿದ. ಹಗೇವಿನ ಬಾಯಿಗೆ ಹಗ್ಗ ಸುತ್ತುವ ಮರದ ರಾಟೆ ಹೂಡಿದರು. ಬಾವಿ ತೋಡುವವನು ಕಂಕುಳ ಕೆಳಗೆ ಹಗ್ಗ ಬಿಗಿದುಕೊಂಡು, ಪ್ರತಿ ಬಾವಿಯ ಬಾಯಲ್ಲೂ ಹೇಳುತ್ತಿದ್ದ ಮಾತನ್ನೇ ಹೆಂಡತಿಗೆ ಹೇಳಿದ: "ತಳಾ ಮುಟ್ಟಿದ ಮ್ಯಾಲೆ ನನ್ನ ಮಾತು ನಂಬಬ್ಯಾಡ. ಪದಾ ನಂಬು."

ನಡುಹೊತ್ತಿನ ಬಿಸಿಲು ನೇರವಾಗಿ ಒಳಗಿಳಿಯುತ್ತಿತ್ತು. 'ಮಣ್ಣವ್ವ ಮಣ್ಣವ್ವ ದಾರಿ ಬಿಡ' ಎಂದು ಅವನು ಹಾಡುತ್ತ ಅಗೆದ. 'ಕಲ್ಲಪ್ಪ ಕಲ್ಲಪ್ಪ ಕಾಲ ಬಿಡ' ಎಂದು ಅವಳು ಮೇಲಿನಿಂದ ಮರುಸಾಲು ಹೇಳಿದಳು. ತಳದಲ್ಲಿ ಹಳೆಯ ಜೋಳ ಕೊಳೆತು ಹೆಪ್ಪುಗಟ್ಟಿ ಕುಳಿತಿತ್ತು. ಗುದ್ದಲಿಯ ಏಟಿಗೆ ಹೆಪ್ಪು ಒಡೆಯಿತು, ಕೊಡದ ಕಂಠ ಕಂಡಿತು. ಹೆಪ್ಪಿನ ಅಡಿಯಲ್ಲಿ ಎಷ್ಟೋ ಕಾಲದಿಂದ ಸಿಕ್ಕಿಬಿದ್ದಿದ್ದ ಕೆಟ್ಟ ಗಾಳಿಯೂ ಅದೇ ಗಳಿಗೆಗೆ ಎದ್ದಿತು. ಅದು ಕಣ್ಣಿಗೆ ಕಾಣುವಂಥದಲ್ಲ.

'ಕಲ್ಲಪ್ಪ ಕಲ್ಲಪ್ಪ' ಎಂದು ಕೆಳಗಿನಿಂದ ಕೇಳಿಬಂತು. ಅದು ಅವಳ ಸಾಲು. ಅವಳು ರಾಟೆ ತಿರುಗಿಸಿದಳು.

"ಎಳೀಬ್ಯಾಡಾ!" ಎಂದು ಅವನು ಕೂಗಿದ. "ಕೊಡ ಸಿಕ್ಕೈತಿ! ನನಗೇನೂ ಆಗಿಲ್ಲ. ಎದಿ ಹಗುರ ಆಗೇತಿ, ಇಷ್ಟು ಹಗುರ ಎಂದೂ ಆಗಿದ್ದಿಲ್ಲ!"

ಸಾಹುಕಾರ ರಾಟೆಯ ಹಿಡಿಗೆ ಅಡ್ಡಬಂದ. "ಅವನೇ ಬ್ಯಾಡ ಅನ್ನಾಕತ್ತಾನ, ನೀ ಯಾಕ ಎಳೀತಿಯವ್ವಾ?"

"ಬ್ಯಾಡ ಅನ್ನಾಕತ್ತಾನಂತನೇ ಎಳಿಯಾಕತ್ತೀನ್ರಿ."

ಸಾಹುಕಾರನನ್ನು ಹೆಗಲಿನಿಂದ ನೂಕಿ ಅವಳು ರಾಟೆ ತಿರುಗಿಸಿದಳು. ಗಂಡನ ಬೈಗುಳ ಅವನೊಡನೆಯೇ ಮೇಲೇರಿ ಬಂತು. ಹುಟ್ಟಿದ ಮನೆ, ಮೆಟ್ಟಿದ ಮನೆ, ಯಾವುದನ್ನೂ ಬಿಡಲಿಲ್ಲ. ಅರ್ಧದಾರಿಯಲ್ಲಿ ಬೈಗುಳ ನಿಂತಿತು. ಅವಳ ಕೈ ನಿಲ್ಲಲಿಲ್ಲ.

ಹಾಸುಗಲ್ಲಿನ ಮೇಲೆ ಮಲಗಿಸಿದಾಗ ಅವನ ತುಟಿ ನೀಲಿಗಟ್ಟಿತ್ತು. ಬಹಳ ಹೊತ್ತಿಗೆ ಕಣ್ಣು ಬಿಟ್ಟ. ಕೊಡ ಎಲ್ಲಿ ಎಂದು ಕೇಳಲಿಲ್ಲ. ಪದ ಎಲ್ಲಿ ತಪ್ಪಿತು ಎಂದು ಕೇಳಿದ. ತನ್ನ ಸಾಲನ್ನು ಅವನು ಹಾಡಿದನೆಂದು ಅವಳು ಹೇಳಿದಳು. ಕೊನೆಯವರೆಗೂ ಸರಿಯಾಗಿಯೇ ಹಾಡುತ್ತಿದ್ದೇನೆ ಎಂದು ಅವನು ಎಣಿಸಿದ್ದ. ಅಲ್ಲಿಯವರೆಗೆ ಕಲ್ಲಿನಂತಿದ್ದ ಅವಳು ಆಗ ಅತ್ತಳು.

ಮತ್ತೆ ಟೊಂಗೆ ಕಟ್ಟಿ ಗಾಳಿ ಕಡೆದರು, ಮತ್ತೆ ದೀಪ ಇಳಿಬಿಟ್ಟು ನೋಡಿದರು. ಅವನು ಹಾಡುತ್ತಲೇ ಇಳಿದು ಕೊಡ ತಂದ. ಬಂಗಾರ ಇದ್ದಲಾಗಿರಲಿಲ್ಲ.

ಗುರುಗಳು ಬೇಳೆಯಿಂದ ಕೈ ತೆಗೆದರು. "ಊರಿಗೆ ಊರೇ ಆ ಕೊಡ ನೋಡಲು ಮುಗಿಬಿತ್ತಂತೆ. ನನಗೆ ನೋಡಬೇಕೆನಿಸುವುದು ಆ ಇಬ್ಬರನ್ನು. ಬುದ್ಧಿ ನೆಟ್ಟಗಿರುವಾಗಲೇ 'ನನ್ನ ಮಾತು ನಂಬಬೇಡ' ಎಂದು ಹೇಳಿಟ್ಟು ಇಳಿದನಲ್ಲ, ಎಂಥ ಗಂಡಸು! ಅವನ ಬೈಗುಳ ತಿನ್ನುತ್ತಲೇ ಅವನ ಮಾತು ಉಳಿಸಿದಳಲ್ಲ, ಎಂಥ ಹೆಂಗಸು! ಅವರು ಎದುರಿಗೆ ಬಂದರೆ ನಾನು ಎದ್ದು ನಿಂತು ಕೈ ಮುಗಿಯುತ್ತೇನೆ."

ಶಿಷ್ಯನೂ ತಲೆದೂಗಿದ. ಆದರೂ ಜೋಳಿಗೆ ಸರಿಮಾಡಿಕೊಳ್ಳುತ್ತ ಎದ್ದ.

"ದೊಡ್ಡವರು, ಗುರುಗಳೇ. ಆದರೆ ನನ್ನ ವಿಷಯದಲ್ಲಿ ತಾವು ಹೆದರಬೇಕಾಗಿಲ್ಲ. ನನ್ನ ಮನಸ್ಸು ಎಂದೂ ಇಷ್ಟು ಹಗುರವಾಗಿರಲಿಲ್ಲ."

ಗುರುಗಳು ಅವನ ಮುಖ ನೋಡಿದರು.

"ಹಗೇವಿನ ತಳದಿಂದ ಅವನು ಕೂಗಿದ್ದೂ ಇದನ್ನೇ, ಮಗು."