ಚಿಕ್ಕಿ ಮಾಡುವಾಗ ಬಾಗಿಲು ಹಾಕಿಕೊಂಡವಳು

“ಗುರುಗಳೇ, ಊರವರು ನನ್ನ ಮೇಲೆ ಇಲ್ಲದ ಮಾತು ಹೊರಿಸಿದ್ದಾರೆ. ಈಗಲೇ ಹೋಗಿ ನಾಲ್ಕು ಜನರ ಮುಂದೆ ಆಣೆ ಮಾಡಿ ಅವರ ಬಾಯಿ ಮುಚ್ಚಿಸಲೇ, ಸುಮ್ಮನಿರಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಅವನ ಹೆಂಡತಿ ಮನೆಯಲ್ಲಿ ಕಡಲೆಬೀಜದ ಚಿಕ್ಕಿ ಮಾಡುತ್ತಿದ್ದಳು. ಚಿಕ್ಕಿ ಎಂದರೆ ಅವಳದೇ. ಬಾಯಿಗಿಟ್ಟರೆ ಕಟಕ್ಕನೆ ಮುರಿಯುವುದು, ಹಲ್ಲಿಗೆ ಅಂಟುವುದಿಲ್ಲ. ಬೀದಿಯ ಹೆಂಗಸರೆಲ್ಲ ಅದೇ ಬೆಲ್ಲ, ಅದೇ ಬೀಜ ತಂದು ಮಾಡಿ ನೋಡಿದರು. ಒಬ್ಬಳದು ಅಂಟಾಯಿತು, ಇನ್ನೊಬ್ಬಳದನ್ನು ಒಡೆಯಲು ಒನಕೆ ಬೇಕಾಯಿತು. ನೆರೆಮನೆಯ ಸಿಹಿ ಚೆನ್ನಾಗಿದ್ದರೆ ಕಹಿಯಾಗುವ ನಾಲಿಗೆ ಯಾವ ಊರಲ್ಲಿಲ್ಲ?

ಚಿಕ್ಕಿ ಮಾಡುವ ದಿನ ಅವಳು ಬಾಗಿಲು ಹಾಕಿ ಅಗುಳಿ ಇಕ್ಕಿಕೊಳ್ಳುತ್ತಿದ್ದಳು. ಗಂಡನೋ ಬಳೆಯ ಮಲಾರ ಹೊತ್ತು ಊರೂರು ಅಲೆಯುವವನು. ಎದುರು ಮನೆಯ ಮುದುಕಿಗೆ ಅಷ್ಟು ಸಾಕಾಯಿತು. ಒಂದು ದಿನ ಕಿಟಕಿಗೆ ಕಿವಿ ಕೊಟ್ಟಳು. ಒಳಗಿನಿಂದ ಮೆಲುದನಿಯಲ್ಲಿ, “ತಡಿ, ಅವಸರ ಬೇಡ” ಎಂಬ ಮಾತು ಬಂತು. ಮುದುಕಿಗೆ ಆ ಮಧ್ಯಾಹ್ನ ಊಟವೇ ಬೇಕಾಗಲಿಲ್ಲ. ಸಂಜೆಯೊಳಗೆ ಒಳಗಿದ್ದವನಿಗೆ ಮೀಸೆ ಬಂದಿತ್ತು. ಮರುದಿನಕ್ಕೆ ಜರಿಯ ರುಮಾಲೂ ಬಂತು.

ಮಾತು ಗಂಡನ ಕಿವಿ ಮುಟ್ಟಿತು. ಮುಂದಿನ ಸಲ ಅವಳು ಚಿಕ್ಕಿಗೆ ಕುಳಿತ ದಿನ ಅವನು ವ್ಯಾಪಾರಕ್ಕೆ ಹೊರಟಂತೆ ಹೊರಟು ಅರ್ಧ ದಾರಿಯಿಂದ ಹಿಂದಿರುಗಿದ. ಬೀದಿಗೆ ಬೀದಿಯೇ ಬಾಗಿಲ ಮುಂದೆ ನೆರೆದಿತ್ತು. ಕೈಯಲ್ಲಿನ ಮೊರ ಕೆಳಗಿಡದೆ ಓಡಿ ಬಂದವರೂ ಇದ್ದರು.

ಒಳಗೆ ಅವಳು ಬಾಣಲೆಯ ಮುಂದಿದ್ದಳು. ಬೀಜ ಹುರಿದು ಸಿಪ್ಪೆ ಕೇರಿಯಾಗಿತ್ತು. ಮಣೆಗೆ ತುಪ್ಪ ಸವರಿಯಾಗಿತ್ತು. ಕುದಿಯುವ ಬೆಲ್ಲದ ಒಂದು ಹನಿಯನ್ನು ನೀರಿಗೆ ಬಿಡುವಳು, ಎತ್ತಿ ಕಂಚಿನ ತಟ್ಟೆಗೆ ಎಸೆಯುವಳು. ಪಾಕ ಬಂದಿದ್ದರೆ ಅದು ಟಣ್ ಎನ್ನಬೇಕು. ಬೀದಿಯ ಗದ್ದಲದಲ್ಲಿ ಆ ಸದ್ದು ಕೇಳದು. ಬಾಗಿಲು ಹಾಕುತ್ತಿದ್ದುದು ಅದಕ್ಕೆ. ಹನಿ ಮೆತ್ತಗೆ ಬಿತ್ತು. “ತಡಿ, ಅವಸರ ಬೇಡ” ಎಂದು ತನಗೆ ತಾನೇ ಹೇಳಿಕೊಂಡಳು. ಇನ್ನೊಂದು ಹನಿ ಎಸೆದಳು. ಟಣ್ ಎಂದಿತು. ಆಗಲೇ ಬಾಗಿಲಿಗೆ ಗುದ್ದು ಬಿತ್ತು.

“ಬಾಗಿಲು ತೆಗಿ. ಈಗಿಂದೀಗ ತೆಗೆಯದಿದ್ದರೆ ನೀನು ಈ ಮನೆಯವಳಲ್ಲ, ತವರಿನ ದಾರಿ ಹಿಡಿ.” ಗಂಡನ ದನಿ. ಹಿಂದೆಯೇ ಮುದುಕಿಯದು: “ಹಿತ್ತಲಿಗೆ ಇಬ್ಬರು ಹೋಗ್ರೋ, ಹಾರಿಹೋದಾನು.”

ಆಡಿದ ಮಾತನ್ನು ಗಂಡ ಮಾಡಿಯೇ ತೀರುವವನೆಂದು ಅವಳು ಬಲ್ಲಳು. ಬಾಗಿಲು ಮೂರು ಹೆಜ್ಜೆಯ ದೂರ. “ಪಾಕ ಬಂದಿದೆ, ತಡೀರಿ” ಎಂದಷ್ಟೇ ಹೇಳಿ ಬೀಜ ಸುರಿದು ಕಲಸಿದಳು. ಮಣೆಗೆ ಹೊಯ್ದಳು. ಲಟ್ಟಣಿಗೆ ಎಳೆದು ಹರವಿದಳು. ಬಿಸಿ ಆರುವ ಮುನ್ನ ಚಾಕುವಿನಿಂದ ಗೆರೆ ಹಾಕಿದಳು. ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಅಗುಳಿ ತೆಗೆದಳು.

ಜನ ನುಗ್ಗಿದರು. ಅಟ್ಟ ನೋಡಿದರು, ಕಣಜ ನೋಡಿದರು. ಮುದುಕಿ ಮಜ್ಜಿಗೆಯ ಗಡಿಗೆಯ ಮುಚ್ಚಳವನ್ನೂ ಎತ್ತಿ ನೋಡಿದಳು. ಹಿತ್ತಲು ಕಾದವರು ಬಂದು, ಒಂದು ಬೆಕ್ಕೂ ಹೊರಗೆ ಬರಲಿಲ್ಲ ಎಂದರು.

ಗಂಡನ ತಲೆ ತಗ್ಗಿತು. “ಕರೆದ ಕೂಡಲೇ ತೆಗೆಯಬಾರದಿತ್ತೇನೇ?” ಎಂದ.

“ಇಲ್ಲದವನು ಆಗಲೂ ಇರಲಿಲ್ಲ, ಒಂದು ಗಳಿಗೆ ಬಿಟ್ಟು ಹುಡುಕಿದರೂ ಇರೋದಿಲ್ಲ. ಪಾಕ ಹಾಗಲ್ಲ, ಅದು ಯಾರಿಗೂ ಕಾಯೋದಿಲ್ಲ” ಎಂದಳು. ಚಿಕ್ಕಿ ಮುರಿದು ಬಂದವರಿಗೆಲ್ಲ ಒಂದೊಂದು ತುಂಡು ಕೊಟ್ಟಳು. ಮುದುಕಿಗೆ ಹಲ್ಲಿರಲಿಲ್ಲ, ಅವಳ ಪಾಲನ್ನು ಕುಟ್ಟಿ ಪುಡಿ ಮಾಡಿ ಕೊಟ್ಟಳು.

ಕತೆ ಕೇಳಿ ಶಿಷ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ. ಊರು ಎಷ್ಟು ಬಡಿದರೂ ನಾನೂ ಅವಳಂತೆ ಬಾಗಿಲು ತೆಗೆಯದೆ ಕೂರುತ್ತೇನೆ” ಎಂದ.

ಗುರುಗಳು ಕೇಳಿದರು: “ಕೂರು, ಆದರೆ ನಿನ್ನ ಒಲೆಯ ಮೇಲೆ ಏನಿದೆ?”