ಒಂದೇ ಸಲ ಕೇಳಿದ ಬೋರಲಿಂಗ

ಹುಚ್ಚೆಳ್ಳುಕೊಪ್ಪಲಲ್ಲಿ ಕೆಂಪಾಜಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಬೋರಲಿಂಗ. ಬುದ್ಧಿ ಒಂದು ಬಿಟ್ಟು ದೇವರು ಅವನಿಗೆ ಮಿಕ್ಕಿದ್ದೆಲ್ಲ ಕೊಟ್ಟಿದ್ದ. ಬಾಗಿಲಿಗೆ ಅಡ್ಡ ನಿಂತರೆ ಮನೆಯೆಲ್ಲ ಕತ್ತಲಾಗೋ ಅಂಥ ಆಳು. ಹೇಳಿದ ಮಾತು ಒಂದು ಕೂದಲೆಳೆಯಷ್ಟೂ ಮೀರ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಮಳೆ ಬಂದ್ರೆ ಅಂಗಳದ ರಾಗಿ ಎತ್ತಿಡು ಅಂತ ಹೇಳಿ ಒಂದಿನ ಅವ್ವ ಸಂತೆಗೆ ಹೋದ್ಲು. ಬಂದು ನೋಡಿದ್ರೆ ಪಕ್ಕದ ಮನೆ ಎಮ್ಮೆ ಅರ್ಧ ರಾಗಿ ಮುಗಿಸಿದೆ, ಇವನು ಜಗಲಿ ಮೇಲೆ ಕೂತು ಆಕಾಶ ನೋಡ್ತಿದಾನೆ. ಯಾಕೋ ಅಂದ್ರೆ, ಮಳೆ ಬರಲಿಲ್ಲವಲ್ಲ ಅವ್ವ ಅಂದ. ನಿನ್ನ ಹೆತ್ತ ಹೊಟ್ಟೆಗಿಷ್ಟು ಬೆಂಕಿ ಹಾಕ ಅಂತ ಅವಳು ತಲೆ ಚಚ್ಕೊಂಡ್ಲು.

ಆಮೇಲಾಮೇಲೆ ಆ ಸಂತೆಗೂ ಹೋಗಕ್ಕಾಗದ ಹಂಗಾಯ್ತು. ಎರಡು ಮಂಡೀನೂ ಕೈ ಕೊಟ್ವು. ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ, ಗೋಡೆ ಹಿಡ್ಕೊಂಡೇ ಬಚ್ಚಲಿಗೆ ಹೋಗಬೇಕು. ದಿನಾ ಬೋರಲಿಂಗ ಎಣ್ಣೆ ಹಚ್ಚಿ ಕಾಲು ಒತ್ತುತಿದ್ದ. ಸಾಕು ಅನ್ನೋದು ಮರೆತು ಅವಳು ನಿದ್ದೆ ಹೋದ್ರೆ ಕೋಳಿ ಕೂಗೋವರ್ಗೂ ಒತ್ತುತಲೇ ಇರ್ತಿದ್ದ ಪುಣ್ಯಾತ್ಮ.

ಹಿಂಗಿರೋವಾಗ ಪಟ್ಟಣದಿಂದ ಒಂದು ಸಂಶೋಧನೆ ಸಂಸ್ಥೆಯವರು ಬಂದ್ರು, ಊರು ಅಳೆಯೋಕೆ. ಹೊಲ ಅಲ್ಲ ಕಣ್ರಪ್ಪ, ಜನಾನ. ಮಕ್ಕಳಿಗೆ ಎಷ್ಟು ಓದು ಬರುತ್ತೆ, ಪರವೂರಿನವರು ಎಷ್ಟು ಕನ್ನಡ ಕಲಿತರು, ವಯಸ್ಸಾದವರಿಗೆ ಎಷ್ಟು ನೋವಿದೆ, ಎಲ್ಲದಕ್ಕೂ ಒಂದೊಂದು ಅಂಕಿ ಹಾಕ್ತಾರಂತೆ. ಮಂಡಿ ನೋವು ಹತ್ತಕ್ಕೆ ಏಳರ ಮೇಲೆ ಬಂದವರನ್ನ ಅವರ ಬಸ್ಸಲ್ಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ ಪುಕ್ಕಟೆ ವಾಸಿ ಮಾಡಿಸ್ತಾರಂತೆ. ಇದನ್ನ ಕೇಳಿ ಕೆಂಪಾಜಮ್ಮನ ಮುಖ ಎಷ್ಟೋ ದಿನದ ಮೇಲೆ ಅರಳ್ತು.

ಸಂಸ್ಥೆಯವರ ಮುಖ್ಯಸ್ಥೆ ಶಾಲ್ಮಲಾ ಮೇಡಂ. ಊರಿನವನೊಬ್ಬ ಸಹಾಯಕ ಬೇಕು, ಹೇಳಿದಷ್ಟೇ ಮಾಡಬೇಕು, ಸ್ವಂತ ಬುದ್ಧಿ ಉಪಯೋಗಿಸಿದರೆ ಸಂಶೋಧನೆ ಕೆಡುತ್ತೆ ಅಂದ್ರು. ಇಡೀ ಊರು ಒಟ್ಟಿಗೆ ಬೋರಲಿಂಗನ ಕಡೆ ಕೈ ತೋರಿಸ್ತು. ಅವ್ವ ಅವನ ಅಂಗಿ ಗುಂಡಿ ಹಾಕ್ತಾ, ಮೇಡಂ ಹೇಳಿದ್ದು ಚಾಚೂ ತಪ್ಪದೆ ಮಾಡಪ್ಪ, ಈ ಕೆಲಸ ಕಳ್ಕೋಬೇಡ, ನನ್ನ ಮಂಡಿ ಅವರ ಕೈಲಿದೆ ಅಂದ್ಲು.

ಮೊದಲು ಶಾಲೆ. ಮಗು ಕತೆ ಓದುತ್ತೆ, ನೀವು ಗಡಿಯಾರ ನೋಡ್ತಾ ಕೂರಿ, ಏನೇ ಆದರೂ ಮಗುವಿಗೆ ಸಹಾಯ ಮಾಡಬೇಡಿ ಅಂತ ಮೇಡಂ ಹೇಳಿ ಹೊರಗೆ ಹೋದ್ರು. ಚೆಲುವಿ ಅನ್ನೋ ಪುಟ್ಟ ಹುಡುಗಿ ಓದೋಕೆ ಶುರು ಮಾಡಿದ್ಲು. ಕತೆಯಲ್ಲಿ ಮೇಕೆ ಹಳ್ಳ ದಾಟೋ ಹೊತ್ತಿಗೆ ಇತ್ತ ಬೆಂಚಿನ ಕಾಲು ಮುರೀತು. ಹುಡುಗಿ ಕೆಳಗೆ, ಬೆಂಚು ಮೇಲೆ. ಬೋರಲಿಂಗ ಗಡಿಯಾರ ನೋಡ್ತಾ ಕೂತ. ಮಗು ಕಿರುಚಿತು, ಇವನು ಗಡಿಯಾರ ನೋಡಿದ. ಮೇಷ್ಟ್ರು ಓಡಿ ಬಂದು ಬೆಂಚು ಎತ್ತೋಕೆ ಹೋದ್ರೆ, ಸಹಾಯ ಮಾಡಬಾರದು ಅಂತ ಅವರ ಕೈ ಹಿಡ್ಕೊಂಡ. ಅಂಕಿ ಹಾಕೋ ಜಾಗದಲ್ಲಿ, ಹಳ್ಳದವರೆಗೆ ಚೆನ್ನಾಗಿ ಓದಿದಳು, ಆಮೇಲೆ ದನಿ ಜೋರಾಯ್ತು, ಅಕ್ಷರ ತಿಳಿಯಲಿಲ್ಲ ಅಂತ ಬರೆದಿದ್ದ.

ಮೇಡಂ ಕೆಂಡಾಮಂಡಲ ಆದ್ರು. ಪರೀಕ್ಷೆ ಮಾಡೋನು ಕಲ್ಲಾಗಬಾರದು, ಎದುರಿಗೆ ಕೂತವರನ್ನ ಬೆನ್ನು ಸವರಿ ಮುದ್ದಾಗಿ ಮಾತಾಡಿಸಬೇಕು, ಪೆಪ್ಪರ್‌ಮೆಂಟು ಕೊಡಬೇಕು, ಏನು ಹೇಳಿದರೂ ಶಭಾಷ್ ಅನ್ನಬೇಕು ಅಂದ್ರು. ಆಗಲಿ ಅಂದ ಬೋರಲಿಂಗ.

ಮಾರನೇ ವಾರ ಕನ್ನಡ ಕಲಿತವರ ಪರೀಕ್ಷೆ. ಎದುರಿಗೆ ಬಂದು ಕೂತವರು ಬ್ಯಾಂಕಿಗೆ ಬಿಹಾರದ ಕಡೆಯಿಂದ ಬಂದಿದ್ದ ಝಾ ಅನ್ನೋ ಮ್ಯಾನೇಜರ್ರು. ಟೈ ಕಟ್ಟಿದ ಭಾರಿ ಮನುಷ್ಯ. ಬೋರಲಿಂಗ ಅವರ ಬೆನ್ನು ಸವರಿ, ಬಾಯಿಗೆ ಪೆಪ್ಪರ್‌ಮೆಂಟು ಇಟ್ಟು, ಹೆದರಬೇಡ ನನ್ನ ಬಂಗಾರ, ನಿನ್ನ ಹೆಸರೇನು ಅಂದ. ಮ್ಯಾನೇಜರ್ರು ಬೆವರು ಒರೆಸ್ಕೊಂಡು, ನಾಳೆ ಬನ್ನಿ ಅಂದ್ರು. ಬ್ಯಾಂಕಲ್ಲಿ ಕೂತು ಅವರು ಕಲಿತಿದ್ದ ಕನ್ನಡ ಅಷ್ಟೇ. ಶಭಾಷ್ ಅಂದ ಬೋರಲಿಂಗ. ಮಕ್ಕಳೆಷ್ಟು? ನಾಳೆ ಬನ್ನಿ. ಶಭಾಷ್. ಊಟ ಏನು? ನಾಳೆ ಬನ್ನಿ. ಶಭಾಷ್ ಕಣೋ ನನ್ನ ರಾಜ. ಪೂರ್ತಿ ಅಂಕ ಹಾಕಿ ಎದ್ದ. ನಾಳೆ ಬನ್ನಿ ಅಂದಿದ್ರಲ್ಲ, ಮಾರನೇ ದಿನ ಬೆಳಗ್ಗೆ ಬ್ಯಾಂಕಿನ ಬಾಗಿಲಲ್ಲಿ ಹೋಗಿ ನಿಂತ. ಅವರು ಅದೇ ಮಾತು ಹೇಳಿದ್ರು, ಇವನು ಅದರ ಮಾರನೇ ದಿನಾನೂ ಹೋದ. ಕೊನೆಗೆ ಅವರೇ ಮೇಡಂ ಹತ್ರ ಬಂದು ಕೈ ಮುಗಿದ್ರು.

ಮೇಡಂ ಇವನನ್ನ ಕೆಲಸದಿಂದ ತೆಗೆದೇ ಹಾಕಿದ್ರು. ಕೆಂಪಾಜಮ್ಮ ಗೋಡೆ ಹಿಡ್ಕೊಂಡು, ಬೇಲಿ ಹಿಡ್ಕೊಂಡು ಹೋಗಿ ಬೇಡಿಕೊಂಡ್ಲು. ಮೇಡಂ ಕರಗಿ ಹೊಸ ಬುದ್ಧಿ ಹೇಳಿದ್ರು. ಶಭಾಷ್‌ಗಿರಿ ಬೇಡ, ನಮಗೆ ಬೇಕಾದ್ದು ಅಂಕಿ, ಅಂಕಿ ಬರೋವರೆಗೂ ಬಿಡಬೇಡಿ ಅಂದ್ರು. ಆ ಅಮ್ಮ ತಮ್ಮ ಮುಂದೆ ಹೇಗೆ ನಡೆದು ಬಂದ್ಲು ಅನ್ನೋದನ್ನ ಮಾತ್ರ ಅವರೂ ನೋಡಲಿಲ್ಲ. ಓದಿದವರು, ಅವರಿಗೆ ಅಂಕಿ ಇಲ್ಲದ್ದು ಕಾಣಲ್ಲ.

ಆಮೇಲೆ ನೋವಿನ ಪರೀಕ್ಷೆ. ಜವರಾಯಿ ಅನ್ನೋ ಮುದುಕನ ಮುಂದೆ ಕೂತು, ಮಂಡಿ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂದ. ಮೂಳೆಯೊಳಗೆ ಇರುವೆ ಬಿಟ್ಟಂಗಿದೆ ಮಗ ಅಂದ ಮುದುಕ. ಎಷ್ಟು ಇರುವೆ ಅಂದ ಬೋರಲಿಂಗ. ಮುದುಕ ಎದ್ದು ತೋಟಕ್ಕೆ ಹೋದ, ಇವನೂ ಹೋದ. ಚೊಂಬು ಹಿಡಿದು ಪೊದೆ ಹಿಂದೆ ಕೂತ್ರೆ ಅಲ್ಲಿಗೂ ಬಂದು ಎಷ್ಟು ಅಂದ. ಸಂಜೆ ಹೊತ್ತಿಗೆ ಮುದುಕ ರೋಸಿ ಹೋಗಿ, ನೀನು ಬರೋಕೆ ಮುಂಚೆ ಎರಡಿತ್ತು, ಈಗ ಹತ್ತಾಗಿದೆ, ತೊಲಗು ಅಂದ. ಬೋರಲಿಂಗ ಎರಡೂ ಕೂಡಿ ಹನ್ನೆರಡು ಅಂತ ಬರೆದ. ಹತ್ತರ ಮೇಲೆ ಅಂಕಿಯೇ ಇಲ್ಲ ಅಂತ ಪಟ್ಟಣದಲ್ಲಿ ಮುದುಕನನ್ನೇ ಪಟ್ಟಿಯಿಂದ ತೆಗೆದುಹಾಕಿದ್ರು.

ಈ ಸಲ ಮೇಡಂ ಬೆರಳು ಮಡಚಿ ಮಡಚಿ ಹೇಳಿದ್ರು. "ಒಬ್ಬರನ್ನ ಒಂದೇ ಸಲ ಕೇಳಿ. ಬಾಯಲ್ಲಿ ಏನು ಬರುತ್ತೋ ಅದನ್ನ ಬರೆದು ಎದ್ದು ಬನ್ನಿ. ಯಾರೇ ಆಗಲಿ, ಪರಿಚಯ ತೋರಿಸಬೇಡಿ." ಬೋರಲಿಂಗ ಅದನ್ನ ದಾರಿಯುದ್ದಕ್ಕೂ ಜಪ ಮಾಡ್ಕೊಂಡು ಬಂದ.

ಅವನ ಬೀದಿಯೇ ಉಳಿದಿತ್ತು. ಮೇಡಂ ಕೊಡೆ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ರು. ಬೋರಲಿಂಗ ತನ್ನ ಮನೆ ಬಾಗಿಲು ತಾನೇ ತಟ್ಟಿ, ನಮಸ್ಕಾರ, ತಮ್ಮ ಹೆಸರೇನು ಅಂದ. ಕೆಂಪಾಜಮ್ಮ ಅವನನ್ನ ಬಾಯಿಗೆ ಬಂದಂಗೆ ಬೈಯೋಳು, ಪಕ್ಕದಲ್ಲಿ ಮೇಡಂ ಕಂಡ್ರಲ್ಲ, ಸೆರಗು ಸರಿ ಮಾಡ್ಕೊಂಡು ನಕ್ಕಳು.

ನಮ್ಮ ಕಡೆ ಪದ್ಧತಿ ಏನು ಹೇಳಿ. ಮನೆಗೆ ಬಂದವರು ಹೇಗಿದೀರಿ ಅಂದ್ರೆ ಮೊದಲು ಚೆನ್ನಾಗಿದೀವಿ ಅನ್ನಬೇಕು. ಕೂರಿಸಬೇಕು, ನೀರು ಬೆಲ್ಲ ಕೊಡಬೇಕು. ಅವರು ಕುಡಿದು ಲೋಟ ಕೆಳಗಿಟ್ಟ ಮೇಲೆ ನಮ್ಮ ಕಷ್ಟ. ಹೊಸಿಲು ದಾಟೋ ಮುಂಚೆಯೇ ನೋವು ಹೇಳ್ಕೊಂಡ್ರೆ ಅದೆಂಥ ಮರ್ಯಾದೆ?

ಮಂಡಿ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಬೋರಲಿಂಗ ಕೇಳಿದ.

"ಅಯ್ಯೋ, ಏನೂ ಇಲ್ಲ ಬನ್ನಿ. ಒಳಗೆ ಬನ್ನಿ ಮೇಡಮ್ಮೋರೆ, ಕೂತ್ಕೊಳ್ಳಿ, ನೀರು ತರ್ತೀನಿ" ಅಂದು ಗೋಡೆ ಹಿಡ್ಕೊಂಡು ಅಡುಗೆಮನೆಗೆ ಹೋದ್ಲು. ಅವಳ ಪಾಡಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡೀತು. ಲೋಟ ಹಿಡ್ಕೊಂಡು ಬಂದು ನೋಡಿದ್ರೆ ಬಾಗಿಲಲ್ಲಿ ಯಾರೂ ಇಲ್ಲ. ಬೋರಲಿಂಗ ಸೊನ್ನೆ ಬರೆದು ಮುಂದಿನ ಮನೆಗೆ ಹೋಗಿದ್ದ. ಆ ಬೀದಿಯಲ್ಲಿ ಎಲ್ಲರದೂ ಸೊನ್ನೆಯೇ ಬಂತು. ಮೇಡಂ ಮೊದಲನೇ ಸಲ, ಇವತ್ತು ಸರಿಯಾಗಿ ಮಾಡಿದ್ರಿ ಅಂತ ಅವನನ್ನ ಹೊಗಳಿದ್ರು.

ಹೊಗಳಿಸ್ಕೊಂಡು ಬಂದವನು ಅವ್ವನ ಕಾಲು ಒತ್ತೋಕೆ ಎಣ್ಣೆ ಬಟ್ಟಲು ತಗೊಂಡ. ಯಾವ ನೋವಿಗೆ ಒತ್ತುತೀಯೋ, ಸೊನ್ನೆ ಬರೆದೆಯಲ್ಲ ಅಂತ ಅವಳು ಅತ್ತಳು. ಅದು ಕೆಲಸದಲ್ಲಿ ಅವ್ವ, ಇದು ಮನೇಲಿ ಅಂದ ಅವನು.

ಬಸ್ಸು ಹೊರಡೋ ದಿನ ಅವಳಿಗೆ ಎದ್ದು ನಿಲ್ಲೋಕೂ ಆಗಲಿಲ್ಲ. ಮಗನನ್ನ ಕರೆದು, ನೀನು ಬಾಯಿ ಬಿಟ್ರೆ ಕೆಡಿಸ್ತೀಯ, ಬಾಯಿ ಮುಚ್ಕೊಂಡು ಮೇಡಂ ಹತ್ರ ಹೋಗಿ ನಾನು ಹೇಗೆ ನಡೀತೀನೋ ಹಂಗೇ ನಡೆದು ತೋರಿಸು, ಅವರು ಹೂಂ ಅನ್ನೋವರ್ಗೂ ನಿಲ್ಲಿಸಬೇಡ ಅಂದ್ಲು. ಬೋರಲಿಂಗ ಹೋದ. ಗೋಡೆ ಹಿಡಿದ, ಸೊಂಟ ಬಗ್ಗಿಸಿದ, ಎಡಗಾಲು ಎಳೆದ, ಹೆಜ್ಜೆಗೊಮ್ಮೆ ಅವ್ವನ ಹಂಗೇ ನರಳಿದ. ನೋಡಿದವರ ಕರುಳು ಕಿತ್ತು ಬರಬೇಕು, ಹಂಗೆ ಮಾಡಿದ. ಪಾಪ, ನಿಮಗೇ ಇಷ್ಟು ನೋವಿತ್ತೇ, ಎಷ್ಟಿದೆ ಅಂದ್ರು ಮೇಡಂ. ಇವನು ಬಾಯಿ ಬಿಡದೆ ಹತ್ತೂ ಬೆರಳು ತೋರಿಸಿದ. ಹೂಂ, ಹತ್ತಿಸ್ಕೊಳ್ಳಿ ಅಂದ್ರು.

ಆಸ್ಪತ್ರೆಯಲ್ಲಿ ಫೋಟೋ ತೆಗೆದ ಡಾಕ್ಟರು, ಮಂಡಿ ಗುಂಡುಕಲ್ಲಿನಂಗಿದೆಯಲ್ಲ ಅಂದ್ರಂತೆ. ಅಂಕಿ ಹತ್ತಿದೆ ಅಂದ್ರಂತೆ ಸಂಸ್ಥೆಯವರು. ಹಾಗಾದ್ರೆ ಸರಿ ಅಂತ ಸೂಜಿ ಚುಚ್ಚಿ ಪಟ್ಟಿ ಕಟ್ಟಿ ಮಲಗಿಸಿದ್ರು.

ತಿಂಗಳಾದ ಮೇಲೆ ವಾಸಿಯಾಯ್ತೋ ಇಲ್ಲವೋ ನೋಡೋಕೆ ಮೇಡಂ ಮನೆಗೇ ಬಂದ್ರು. ಬೋರಲಿಂಗ ಅಂಗಳದಲ್ಲಿ ಸೌದೆ ಒಡೀತಿದ್ದ. ಚಿಕಿತ್ಸೆ ನೂರಕ್ಕೆ ನೂರು ಫಲ ಕೊಟ್ಟಿದೆ ಅಂತ ಮೇಡಂ ಸಂತೋಷದಿಂದ ಬರ್ಕೊಂಡ್ರು. ಅಷ್ಟರಲ್ಲಿ ಕೆಂಪಾಜಮ್ಮ ನೀರಿನ ಲೋಟ ಹಿಡ್ಕೊಂಡು, ಗೋಡೆ ಸವರ್ಕೊಂಡು ಹೊರಗೆ ಬಂದ್ಲು. ನೀವು ಹೇಗಿದೀರಿ ಅಮ್ಮ ಅಂದ್ರು ಮೇಡಂ.

ಈ ಸಲ ಅವಳು ಕೂರಿ ಅನ್ನಲಿಲ್ಲ, ಲೋಟಾನೂ ಚಾಚಲಿಲ್ಲ.

"ಹತ್ತು" ಅಂದ್ಲು. "ನನ್ನ ಮಂಡಿ ಹತ್ತಕ್ಕೆ ಹತ್ತು ನೋಯ್ತದೆ. ಬರ್ಕೊಳ್ಳಿ."

ಮೇಡಂ ಅವಳ ಕಾಲು ನೋಡಿದ್ರು, ಅಂತೂ ನೋಡಿದ್ರು. ಪೆನ್ನಿನ ಮುಚ್ಚಳ ತೆಗೆದ್ರು. ಬೋರಲಿಂಗ ಕೊಡಲಿ ಕೆಳಗಿಟ್ಟು ಓಡಿ ಬಂದು ಅವರ ಕೈ ಹಿಡ್ಕೊಂಡ.

"ಬೇಡಿ ಮೇಡಂ. ಒಬ್ಬರನ್ನ ಒಂದೇ ಸಲ ಕೇಳಬೇಕು ಅಂತ ನೀವೇ ಹೇಳಿದೀರಿ. ಇವರನ್ನ ನಾನು ಆಗಲೇ ಕೇಳಾಗಿದೆ."

ಮೇಡಂ ಕೈಲಿದ್ದ ಹಾಳೆ ತಿರುವಿ ಅವಳ ಹೆಸರಿನ ಮುಂದಿದ್ದ ಸೊನ್ನೆ ನೋಡಿದ್ರು. ಹೌದಲ್ಲ ಅಂತ ಪೆನ್ನಿಗೆ ಮುಚ್ಚಳ ಹಾಕಿದ್ರು. ಕೆಂಪಾಜಮ್ಮ ಇಬ್ಬರನ್ನೂ ನೋಡಿದ್ಲು, ಬಾಗಿಲಿಗೆ ಒರಗಿದ್ಲು, ಲೋಟದ ನೀರು ತಾನೇ ಕುಡಿದ್ಲು.