ಚೆಂಡು ನೋಡದ ಇಬ್ಬರು

ನದಿ ದಂಡೆಯ ಅಂಗಳವೊಂದರಲ್ಲಿ ಚೆಲುವಯ್ಯನವರು ಬಾಸ್ಕೆಟ್‌ಬಾಲ್ ರೆಫರಿಗಳನ್ನು ತಯಾರು ಮಾಡುತ್ತಿದ್ದರು. ಅವರ ಶಿಷ್ಯ ಧರಣೇಂದ್ರ.

ಈ ಧರಣೇಂದ್ರ ಹಿಂದೆ ಆಟಗಾರ. ದೂರದಿಂದ ಬಾಸ್ಕೆಟ್ ಹಾಕುವುದರಲ್ಲಿ ಎತ್ತಿದ ಕೈ. ಒಮ್ಮೆ ನೆಗೆದು ಎಸೆದವನು ಎದುರಾಳಿ ಕೆಳಗೆ ಚಾಚಿದ ಪಾದದ ಮೇಲೆ ಇಳಿದ. ಮಂಡಿ ಹೋಯಿತು. ಸೀಟಿ ಯಾರೂ ಊದಲಿಲ್ಲ, ರೆಫರಿಗಳ ಕಣ್ಣೂ ಚೆಂಡಿನ ಮೇಲೆ.

ಆಟ ಬಿಟ್ಟ, ಸರಿ. ಆಸೆ ಬಿಡಬೇಕಲ್ಲ!

ಒಂದು ಪಂದ್ಯದಲ್ಲಿ ಅವನು ರೆಫರಿಯಾಗಿ ಬುಟ್ಟಿಯ ಕೆಳಗೆ ನಿಂತಿದ್ದ. ದೂರದಲ್ಲಿ ಚೆಂಡು ಮೇಲೇರಿತು. ಅವನ ಕತ್ತೂ ಏರಿತು. ಪಕ್ಕದಲ್ಲೇ ಒಬ್ಬಳು ಮೊಣಕೈ ಏಟು ತಿಂದು ಬಿದ್ದಳು.

ಚೆಲುವಯ್ಯನವರು ಸೀಟಿ ಕಿತ್ತುಕೊಂಡರು.

"ಬಾಲ್ ದೂರ ಇದ್ದಾಗ ನಿನ್ನ ಪಾಲು ಯಾವುದಯ್ಯಾ?"

"ಬುಟ್ಟಿ ಕೆಳಗಿನವರು, ಗುರುಗಳೇ."

"ಮತ್ತೆ ಆಕಾಶ ಯಾಕೆ ನೋಡ್ತಿದ್ದೆ?"

"ಬಾಲ್ ಚೆನ್ನಾಗಿ ಹೋಗ್ತಿತ್ತು..."

"ಅದನ್ನ ನೋಡೋಕೆ ಅಂತಾನೇ ಟಿಕೆಟ್ ತಗೊಂಡು ಕೂತಿದಾರೆ, ಮುನ್ನೂರು ಜನ."

ತಿಂಗಳು ಪೂರ್ತಿ ಸೀಟಿಯಿಲ್ಲದೆ ಬರಿಗೊರಳಲ್ಲಿ ನಿಲ್ಲಿಸಿದರು. ಯಾರು ಯಾರ ಅಂಗಿ ಹಿಡಿದರು, ಯಾರ ಸೊಂಟ ಯಾರಿಗೆ ತಾಗಿತು, ಎಲ್ಲ ಒಪ್ಪಿಸಬೇಕು. ಫೈನಲ್ ದಿನ ಸೀಟಿ ವಾಪಸು ಕೊಟ್ಟರು.

"ಇನ್ನೊಂದು ಸಲ ಕತ್ತೆತ್ತಿದರೆ ಇದು ನದಿಗೆ. ನೀನು ಮನೆಗೆ."

ಆ ಫೈನಲ್‌ನಲ್ಲಿ ಪಾವನಿ ಎಂಬ ಹುಡುಗಿ ಆಡುತ್ತಿದ್ದಳು. ಥೇಟ್ ಧರಣೇಂದ್ರನ ಹಳೆಯ ಎಸೆತವೇ ಅವಳದು ಎಂದು ನೋಡಿದವರೆಲ್ಲ ಹೇಳುತ್ತಿದ್ದರು.

ಕೊನೆಯ ಎರಡು ಸೆಕೆಂಡು. ಪಾವನಿಯ ತಂಡ ಒಂದು ಪಾಯಿಂಟ್ ಹಿಂದೆ. ದೂರದಲ್ಲಿ, ಇನ್ನೊಬ್ಬ ರೆಫರಿಯಾಗಿದ್ದ ಚೆಲುವಯ್ಯನವರ ಪಾಲಿನ ಜಾಗದಲ್ಲಿ, ಅವಳು ನೆಗೆದು ಎಸೆದಳು.

ಜನ ಹೋ ಎಂದು ಎದ್ದು ನಿಂತರು. ಧರಣೇಂದ್ರನ ಕತ್ತಿನ ನರ ಬಿಗಿಯಿತು. ಒಂದೇ ಒಂದು ಸಲ ನೋಡಿಬಿಡಲೇ?

ಎದುರಿಗೆ ಒಂದು ಕೈ ಇನ್ನೊಬ್ಬಳ ಬೆನ್ನಿನತ್ತ ಚಾಚುತ್ತಿತ್ತು. ಅವನು ಆ ಕೈಯನ್ನೇ ನೋಡಿದ. ಅವನು ನೋಡುವುದನ್ನು ಕಂಡು ಕೈ ಹಿಂದೆ ಸರಿಯಿತು.

ತಲೆಯ ಮೇಲೆ ಬಲೆ ಸರ್ರೆಂದಿತು.

ಸಂಜೆ ಇಬ್ಬರೂ ನದಿಯಲ್ಲಿ ಕಾಲು ಇಳಿಬಿಟ್ಟು ಕೂತರು. ಧರಣೇಂದ್ರನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಹೇಗಿತ್ತು? ತುಂಬಾ ಎತ್ತರ ಹೋಯ್ತಾ? ನೀವಾದರೂ ಹೇಳಿ."

"ನಾನು ನೋಡಲಿಲ್ಲವಲ್ಲಪ್ಪ."

"ಅಯ್ಯೋ! ಪಾಯಿಂಟ್ ಕೊಟ್ಟವರು ನೀವೇ ಅಲ್ವಾ?"

"ಬಲೆ ಅಲುಗೋ ಹೊತ್ತಿಗೆ ತಲೆ ಎತ್ತಿದ್ದೆ. ಕೊಟ್ಟೆ."

"ಅಲ್ಲಿವರೆಗೆ ಏನು ನೋಡ್ತಿದ್ರಿ?"

ನೀರಿಗೆ ಇಳಿಬಿಟ್ಟಿದ್ದ ಶಿಷ್ಯನ ಮಂಡಿ ಹೋದ ಕಾಲನ್ನು ಚೆಲುವಯ್ಯನವರು ನೋಡಿದರು.

"ಅವಳ ಎರಡು ಪಾದಾನೂ ಖಾಲಿ ನೆಲದ ಮೇಲೇ ಇಳಿದವು."